ಹಸಿರು ಸ್ವೆಟರಿನ ಲೇಬಲ್

ಕಾಲರ್ ಮಾವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಎದುರಿಗೆ ಯಾರೇ ಬರಲಿ, ಮಾವನ ಕಣ್ಣು ಮೊದಲು ಹೋಗುವುದು ಬಂದವರ ಕಾಲರಿಗೆ. ಮುಖ, ಮಾತು, ಯೋಗಕ್ಷೇಮ ಎಲ್ಲ ಆಮೇಲೆ. ಮಗಳು ತಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ, ಅವನು ಕೋಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿ ಒಳಗೆ ಹೋದದ್ದೇ ತಡ, ಮಾವ ಅದರ ಕುತ್ತಿಗೆ ಹಿಡಿದು ತಿರುಗಿಸಿ ಲೇಬಲ್ ಓದಿಬಿಟ್ಟರು. ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಯ ಕಿವಿಯಲ್ಲಿ, "ಹುಡುಗ ಪರವಾಗಿಲ್ಲ ಕಣೇ. ಕೋಟು ಮಾತ್ರ ಉಣ್ಣೆ ಅಂತ ಹೇಳ್ಕೊಂಡು ಮೋಸ ಮಾಡ್ತಿದೆ" ಅಂದರು. ಆಕೆ ನಗು ತಡೆಯಲಾರದೆ ಕೈಯೊರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅಳಿಯನಿಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ.

ಅವರ ಕೆಲಸವೇ ಅದು, ಏನು ಮಾಡುವುದು? ಊರಾಚೆಯ ತಗಡಿನ ಶೆಡ್ಡಿನಲ್ಲಿ, ಜನ ಬೇಡವೆಂದು ಬಿಟ್ಟ ಬಟ್ಟೆಗಳ ನಡುವೆ ಅವರ ಆಯಸ್ಸು ಸವೆದಿದೆ. ಮೊದಲೆಲ್ಲ ಲೆಕ್ಕಾಚಾರ ಸರಳವಾಗಿತ್ತು. ಚೆನ್ನಾಗಿರುವುದು ಮಾರಾಟಕ್ಕೆ, ಹರಿದದ್ದು ಯಂತ್ರ ಒರೆಸುವುದಕ್ಕೆ, ಉಳಿದದ್ದೆಲ್ಲ ಹಿಂದಿನ ಹೊಂಡಕ್ಕೆ. ಹೊಂಡ ತುಂಬಿತು, ತುಂಬಿ ದಿಬ್ಬವಾಯಿತು, ದಿಬ್ಬ ಬೆಳೆದು ಶೆಡ್ಡಿನ ಕಿಟಕಿಗೆ ಬೆಳಕು ಬರದ ಹಾಗಾಯಿತು. ಮಾಡಿದವರು ಮಾರಿ ಕೈ ತೊಳೆದುಕೊಂಡಿದ್ದರು, ಕೊಂಡವರು ಬಿಸಾಕಿ ಮರೆತಿದ್ದರು.

ಆಮೇಲೆ ಹೊಸ ಕಾನೂನು ಬಂತು. ಬಟ್ಟೆ ಮಾಡಿ ಮಾರಿದವರೇ ಅದರ ಕೊನೆಗಾಲಕ್ಕೂ ಹೊಣೆ. ಯಾವ ಕಂಪನಿಯ ಬಟ್ಟೆ ಶೆಡ್ಡಿಗೆ ಬರುತ್ತದೋ ಅದನ್ನು ಬಿಡಿಸಿ, ಚೂರು ಮಾಡಿ, ಮತ್ತೆ ನೂಲಾಗಿಸುವ ಖರ್ಚು ಆ ಕಂಪನಿಯದೇ. ಮಾವನಿಗೆ ಆ ಕಾನೂನಿನ ಮೇಲೆ ಬಲು ಪ್ರೀತಿ. "ಹೆತ್ತವರು ಯಾರೂಂತ ಕೇಳೋಕೆ ಕೊನೆಗೂ ಒಬ್ಬರು ಹುಟ್ಟಿದ್ರಲ್ಲಪ್ಪ" ಎಂದು ಸಿಕ್ಕವರಿಗೆಲ್ಲ ಹೇಳಿದರು. ಕಂಪನಿ ಯಾವುದು ಎಂದು ಹೇಳುವುದು ಕುತ್ತಿಗೆಯ ಲೇಬಲ್ ಒಂದೇ ಆದ್ದರಿಂದ ಮಾವನನ್ನು ಬಟ್ಟೆಗಳು ಸಾಗಿಬರುವ ಬೆಲ್ಟಿನ ತುದಿಗೆ ನಿಲ್ಲಿಸಿದರು. ಬಲಕ್ಕೆ ಕಂಪನಿಗೊಂದು ತೊಟ್ಟಿ. ಎಡಕ್ಕೆ ಗೋಡೆಯಲ್ಲೊಂದು ಕಿಂಡಿ. ಲೇಬಲ್ ಇಲ್ಲದ್ದೆಲ್ಲ ಆ ಕಿಂಡಿಗೆ. ಅದರಾಚೆ ಬೀಳುವುದಕ್ಕೆ ಶೆಡ್ಡಿನವರು ಇಟ್ಟ ಹೆಸರು ತಬ್ಬಲಿ ರಾಶಿ. ತಬ್ಬಲಿಗಳ ಖರ್ಚು ಯಾರೂ ಕೊಡುವುದಿಲ್ಲವಾದ್ದರಿಂದ ಅವು ನೂಲಾಗುವುದಿಲ್ಲ. ಲಾರಿ ಬಂದು ಅವನ್ನು ಸುಡುವ ಭಟ್ಟಿಗೆ ಒಯ್ಯುತ್ತದೆ.

ಶುರುವಿನಲ್ಲಿ ಕೆಲಸದವರು ಪಾಪ ಎನ್ನಿಸಿ ಒಳ್ಳೆಯ ತಬ್ಬಲಿಗಳನ್ನು ಯಾವುದಾದರೂ ತೊಟ್ಟಿಗೆ ನುಗ್ಗಿಸುತ್ತಿದ್ದರು. ಒಂದು ಕಂಪನಿಯವರು ಬಂದು ಅದನ್ನು ಪತ್ತೆಹಚ್ಚಿ, ಇಡೀ ಲೋಡನ್ನೇ ನಮ್ಮದಲ್ಲವೆಂದು ಹಿಂದಕ್ಕೆ ಕಳಿಸಿದರು. ಮೇಲ್ವಿಚಾರಕ ತಲೆ ಮೇಲೆ ಕೈಹೊತ್ತು ಕೂತಾಗ ದಾರಿ ತೋರಿಸಿದ್ದು ಮಾವನೇ. "ಕಣ್ಣಾರೆ ಲೇಬಲ್ ನೋಡಿದ್ರೆ ತೊಟ್ಟಿ, ಇಲ್ಲದಿದ್ರೆ ಕಿಂಡಿ. ಊಹೆ ಬೇಡ, ಕನಿಕರ ಬೇಡ." ಅವತ್ತಿನಿಂದ ಅದೇ ಶೆಡ್ಡಿನ ನಿಯಮವಾಯಿತು. ಬೆಲ್ಟಿನ ಪಕ್ಕ ಅವರಿಗಿಂತ ಮುಂಚೆ ನಿಂತು ಗುಂಡಿ, ಜಿಪ್ಪು ಕತ್ತರಿಸುವ ಹೆಂಗಸಿಗೆ ಎಲ್ಲರೂ ಗುಂಡಿಯಕ್ಕ ಅನ್ನುತ್ತಾರೆ. ಆಕೆ ಒಮ್ಮೆ ಮಗುವಿನ ಕೆಂಪು ಜಾಕೆಟ್ಟೊಂದನ್ನು ಹಿಡಿದು, "ಇದೊಂದು ಬಿಡಿ ಮಾವ" ಎಂದು ಗೋಗರೆದಳು. ಮಾವ ಅದನ್ನು ಇಸಿದುಕೊಂಡು ಕಿಂಡಿಗೆ ಹಾಕಿದರು. ಗುಂಡಿಯಕ್ಕ ಬೆಲ್ಟು ನಿಲ್ಲುವವರೆಗೆ ಅವರ ಜೊತೆ ಮಾತು ಬಿಟ್ಟಿದ್ದಳು.

ಮನೆಯಲ್ಲಿ ಮಾತ್ರ ಈ ಮನುಷ್ಯನ ಕಸುಬು ತಿರುಗುಮುರುಗಾಗಿತ್ತು. ಹೆಂಡತಿಯ ಮೈ ಬಲು ಸೂಕ್ಷ್ಮ. ಕುತ್ತಿಗೆಯ ಹಿಂದೆ ಲೇಬಲ್ ತಗುಲಿದರೆ ಚರ್ಮ ಕೆಂಪಗೆ ದದ್ದೇಳುತ್ತಿತ್ತು. ಹೊಸ ಬಟ್ಟೆ ತಂದ ಕೂಡಲೇ ಮಾವ ಕಿಟಕಿಯ ಬೆಳಕಿಗೆ ಕೂತು, ಹೊಲಿಗೆ ಬಿಚ್ಚುವ ಪುಟ್ಟ ಚೂರಿಯಿಂದ ಲೇಬಲ್ ತೆಗೆದುಕೊಡಬೇಕು. ಒಂದೆಳೆ ದಾರ ಉಳಿದರೂ ವಾಪಸ್ಸು ಬರುತ್ತಿತ್ತು. ಎಲ್ಲ ಸರಿಯಾದ ಮೇಲೆ ಆಕೆ ತೊಟ್ಟು, ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ, "ಹಾಂ, ಈಗ ಇದು ಬಟ್ಟೆ" ಅನ್ನುವಳು.

"ನಿಮ್ಮದೂ ತೆಗೀರಿ. ಒಂದ್ಸಲ ಹಾಗೆ ಹಾಕ್ಕೊಂಡು ನೋಡಿ, ಎಷ್ಟು ಹಿತವಾಗಿರುತ್ತೆ."

"ಲೇಬಲ್ ಅಂದ್ರೆ ಬಟ್ಟೆಗೆ ಅಪ್ಪನ ಹೆಸರಿದ್ದ ಹಾಗೆ. ನನ್ನದು ಇರ್ಲಿ ಬಿಡು."

"ಹಾಗಾದ್ರೆ ನನ್ನ ಬಟ್ಟೆಗೆ ಅಪ್ಪ ಬೇಡ್ವಾ?"

"ನಿನ್ನ ಬಟ್ಟೆಗೆ ನಾನಿದ್ದೀನಲ್ಲ."

ಒಂದು ಚಳಿಗಾಲದಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ, ಅಪ್ಪಟ ಉಣ್ಣೆಯ ಎರಡು ಸ್ವೆಟರ್ ಕೊಂಡಿದ್ದರು. ಆಕೆಯದು ಹಸಿರು, ಇವರದು ಬೂದಿ ಬಣ್ಣ. ಇವರದರ ಲೇಬಲ್ ಉಳಿಯಿತು, ಆಕೆಯದು ಹೋಯಿತು. ಸಂಜೆ ನದಿಯ ದಂಡೆಯಲ್ಲಿ ನಡೆಯುವಾಗ ಆಕೆ ತನ್ನ ತಣ್ಣನೆಯ ಕೈಗಳನ್ನು ಸ್ವಂತ ಜೇಬು ಬಿಟ್ಟು ಇವರ ಜೇಬಿಗೆ ತೂರಿಸುತ್ತಿದ್ದಳು.

ಆಕೆ ಹೋದ ಮೇಲೆ ಮಾವ ಬೀರುವಿನ ಆಕೆಯ ಕಡೆಯ ಬಾಗಿಲನ್ನು ಮುಟ್ಟಲಿಲ್ಲ. ರಜಾದಿನ ಬೆಳಗಿನಿಂದ ಸಂಜೆವರೆಗೆ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಮಾರನೆಯ ದಿನ ಶೆಡ್ಡಿನಲ್ಲಿ ಮೊದಲ ಮಾತು ಆಡುವಾಗ ಗಂಟಲು ಕೆರೆದುಕೊಳ್ಳಬೇಕಾಗುತ್ತಿತ್ತು. ಕೆಲಸದಿಂದ ಬಂದು ಬಾಗಿಲು ತೆರೆಯುವಾಗ "ಬಂದೆ" ಅನ್ನುವ ಅಭ್ಯಾಸ ಮಾತ್ರ ಬಿಟ್ಟುಹೋಗಲಿಲ್ಲ. ಅಂದ ಮೇಲೆ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದರು, ನಿಂತದ್ದಕ್ಕೆ ತಮ್ಮ ಮೇಲೆ ತಮಗೇ ಸಿಟ್ಟು ಬರುತ್ತಿತ್ತು.

ಮಗಳು ಬಂದವಳು ಆ ಬೀರು ತೆರೆದಳು. ನುಸಿಯೊಂದು ಹಾರಿ ಹೊರಬಂತು.

"ಅಪ್ಪಾ, ಹೀಗೆ ಇಟ್ಕೊಂಡು ಹುಳಕ್ಕೆ ಹಾಕ್ತೀಯಾ? ಅಮ್ಮ ನೋಡಿದ್ರೆ ಸುಮ್ನಿರ್ತಿದ್ಲಾ?"

ಮಾವನಿಗೆ ಕಾನೂನು ನೆನಪಾಯಿತು. ನೂಲಾದರೆ ಯಾರದೋ ಮೈಮೇಲೆ ಮತ್ತೆ ಬೆಚ್ಚಗಿರುತ್ತದೆ, ಬೀರುವಿನ ಕತ್ತಲಲ್ಲಿ ತೂತು ಬೀಳುವುದಕ್ಕಿಂತ ಅದು ವಾಸಿ ಅನ್ನಿಸಿತು.

"ಕೊಡು. ನನ್ನ ಬೆಲ್ಟಿಗೇ ಬರುತ್ತೆ, ನನ್ನ ಕೈಯಾರೆ ತೊಟ್ಟಿಗೆ ಹಾಕ್ತೀನಿ. ಅಮ್ಮ ಹೊಂಡಕ್ಕೂ ಹೋಗಲ್ಲ, ಬೆಂಕಿಗೂ ಹೋಗಲ್ಲ. ನೂಲಾಗ್ತಾಳೆ."

ಬಟ್ಟೆ ಅನ್ನಬೇಕಾದಲ್ಲಿ ಅಮ್ಮ ಅಂದದ್ದು ಅವರಿಗೆ ಗೊತ್ತಾಗಲಿಲ್ಲ. ಮಗಳಿಗೆ ಗೊತ್ತಾಯಿತು. ಅವಳು ತಲೆ ತಗ್ಗಿಸಿ ಸ್ವೆಟರಿನ ತೋಳುಗಳನ್ನು ಮಡಿಸತೊಡಗಿದಳು.

ಕೆಲಸದವರು ಸ್ವಂತ ಗಂಟುಮೂಟೆ ಹೊತ್ತು ಶೆಡ್ಡಿನೊಳಗೆ ಬರುವ ಹಾಗಿಲ್ಲ. ಬೆಲ್ಟಿನ ಮೇಲಿನದನ್ನು ಹೊರಗೆ ಒಯ್ಯುವ ಹಾಗೂ ಇಲ್ಲ, ಗೇಟಿನಲ್ಲಿ ತಡಕಿ ನೋಡುತ್ತಾರೆ. ಹಾಗಾಗಿ ಮಾವ ಚೀಲದ ಬಾಯಿಗೆ ನೀಲಿ ಹಗ್ಗದ ಗಂಟು ಹಾಕಿ ಎಲ್ಲರ ಹಾಗೆ ಬೀದಿ ಮೂಲೆಯ ಡಬ್ಬಕ್ಕೆ ಇಳಿಸಿದರು. ಅವರ ಬಡಾವಣೆಯ ಡಬ್ಬಗಳೆಲ್ಲ ಬರುವುದು ಅವರ ಶೆಡ್ಡಿಗೇ. ಅಲ್ಲಿಂದ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಕಾದದ್ದೇ. ನೀಲಿ ಹಗ್ಗ ಕಂಡರೆ ಮುಂದೆ ಬಾಗಿ ನೋಡುತ್ತಿದ್ದರು, ಗಂಟು ಬೇರೆಯದಾದರೆ ಮತ್ತೆ ಕೈಯಲ್ಲಿದ್ದ ಲೇಬಲ್ಲಿಗೆ ತಿರುಗುತ್ತಿದ್ದರು.

ಚೀಲ ಬಂದ ಬೆಳಗ್ಗೆ ವಿಪರೀತ ಚಳಿ. ಮಾವ ತಮ್ಮ ಬೂದಿ ಸ್ವೆಟರ್ ಹಾಕಿಕೊಂಡಿದ್ದರು. ಗುಂಡಿಯಕ್ಕ, "ಯಾರಪ್ಪಾ ಇದು, ಈ ಪಾಟಿ ಬಿಗಿದಿರೋದು" ಎಂದು ಶಪಿಸುತ್ತ ಹಗ್ಗ ಕತ್ತರಿಸಿದಳು. ಬಿಗಿದವರು ಪಕ್ಕದಲ್ಲೇ ನಿಂತಿದ್ದರು. ಹೂವಿನ ಚಿತ್ತಾರದ ಅಂಗಿ ಮೊದಲು ಬಂತು, ಗುಂಡಿ ಕಳೆದುಕೊಂಡು. ಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎಂದಿನಂತೆ ಕುತ್ತಿಗೆ ತಿರುಗಿಸಿದರು.

ಅಲ್ಲೇನೂ ಇರಲಿಲ್ಲ. ಲೇಬಲ್ ಇದ್ದ ಕಡೆ ಸೂಜಿಯ ಸಣ್ಣ ತೂತುಗಳ ಸಾಲು, ಅಷ್ಟೇ. ಒಂದೆಳೆ ದಾರವೂ ಉಳಿಯದ ಹಾಗೆ ಎಷ್ಟು ಚೊಕ್ಕಟವಾಗಿ ಬಿಚ್ಚಿದ್ದರು!

ಶೆಡ್ಡಿನಲ್ಲಿ ಲೇಬಲ್ ಓದುವ ಮನುಷ್ಯನಿಗೂ ಮನೆಯ ಕಿಟಕಿಯಲ್ಲಿ ಕೂತು ಲೇಬಲ್ ಬಿಚ್ಚುವ ಮನುಷ್ಯನಿಗೂ ಇಷ್ಟು ವರ್ಷ ಒಮ್ಮೆಯೂ ಭೇಟಿಯಾಗಿರಲಿಲ್ಲ. ಇವತ್ತು ಇಬ್ಬರೂ ಒಂದೇ ಅಂಗಿ ಹಿಡಿದು ನಿಂತಿದ್ದರು.

"ಮಾವ, ಬೆಲ್ಟು ಓಡ್ತಿದೆ" ಎಂದಳು ಗುಂಡಿಯಕ್ಕ. "ಲೇಬಲ್ ಇಲ್ವಾ?"

"ಇಲ್ಲ."

"ಮತ್ತೆ? ತಬ್ಬಲಿ."

ಅವಳದೇನೂ ತಪ್ಪಿಲ್ಲ, ಕಲಿಸಿದವರೇ ಇವರು. ಮಾವ ಹೂವಿನ ಅಂಗಿಯನ್ನು ಕಿಂಡಿಗೆ ಹಾಕಿದರು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬರುವಾಗ ಆಕೆ ತೊಟ್ಟಿದ್ದ ನಿಲುವಂಗಿ ಬಂತು, ಅದನ್ನೂ ಹಾಕಿದರು. ಉದ್ದ ಕೋಟು, ಕೊನೆಯ ದಿನಗಳಲ್ಲಿ ಬೆವರು ಹೀರಿ ಹೀರಿ ಮೆತ್ತಗಾದ ರಾತ್ರಿ ಅಂಗಿ, ಒಂದೊಂದೂ ಅವರ ಕೈಯಿಂದಲೇ ಜಾರಿ ಗೋಡೆಯಾಚೆ ಬಿತ್ತು. ಮೇಲ್ವಿಚಾರಕನನ್ನು ಕರೆದು ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ಬೇರೆಯವರ ಬಟ್ಟೆಗೆ ಕನಿಕರ ಬೇಡ, ನನ್ನವಳದಕ್ಕೆ ಬೇಕು ಎಂದೇ? ಬೆಂಕಿಗೆ ಹೋಗಲ್ಲ ಎಂದು ಮಗಳಿಗೆ ಕೊಟ್ಟ ಮಾತು ಮಾತ್ರ ಒಂದೊಂದು ಬಟ್ಟೆ ಬಿದ್ದಾಗಲೂ ನೆನಪಾಗುತ್ತಿತ್ತು.

ಎಲ್ಲಕ್ಕಿಂತ ಕೊನೆಗೆ ಬಂದದ್ದು ಹಸಿರು ಸ್ವೆಟರ್. ಎತ್ತಿದ ಕೈ ಕಿಂಡಿಯವರೆಗೆ ಹೋಯಿತು. ಅಲ್ಲೇ ನಿಂತಿತು, ಮುಂದಕ್ಕೆ ಚಾಚಲಿಲ್ಲ. ಸ್ವೆಟರ್ ಬೆಲ್ಟಿನ ಕೆಳಗೆ, ಅವರ ಮೊಣಕಾಲುಗಳ ನಡುವೆ ಸೇರಿತು.

ಚಹಾಕ್ಕೆ ಬೆಲ್ಟು ನಿಂತಿತು. ಎಲ್ಲರೂ ಹೀಟರಿನ ಕಡೆ ಓಡಿದರು. ಮಾವ ನಿಂತಲ್ಲೇ ತಮ್ಮ ಬೂದಿ ಸ್ವೆಟರನ್ನು ತಲೆಯ ಮೇಲಿಂದ ಎಳೆದು ಬಿಚ್ಚಿದರು. ಆ ಚಳಿಯಲ್ಲಿ ತೆಳು ಅಂಗಿಯಲ್ಲಿ ಕೂತು, ಅದರ ಕುತ್ತಿಗೆಯ ಲೇಬಲ್ಲನ್ನು ಗುಂಡಿಯಕ್ಕನ ಕತ್ತರಿಯ ಮೊನೆಯಿಂದ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದರು. ಅದರಲ್ಲಿ ಅವರದು ಎತ್ತಿದ ಕೈ, ನಿಮಿಷ ಹಿಡಿಯಲಿಲ್ಲ. ಆಮೇಲೆ ಹೆಂಡತಿ ಎಂದೋ ಟೋಪಿಯ ಅಂಚಿಗೆ ಸಿಕ್ಕಿಸಿಕೊಟ್ಟಿದ್ದ ಸೂಜಿದಾರ ತೆಗೆದು ಆ ಲೇಬಲ್ಲನ್ನು ಹಸಿರು ಸ್ವೆಟರಿಗೆ ಹೊಲಿಯಲು ಕೂತರು. ಬಿಚ್ಚುವುದು ಗೊತ್ತಿದ್ದ ಕೈಗೆ ಹೊಲಿಯುವುದು ಗೊತ್ತಿರಲಿಲ್ಲ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಸೂಜಿ ಎರಡು ಸಲ ಬೆರಳಿಗೇ ಇಳಿಯಿತು.

ಲೋಟ ಹಿಡಿದು ಬಂದ ಗುಂಡಿಯಕ್ಕ ಇದನ್ನು ನೋಡಿ ಬೆಪ್ಪಾದಳು. "ಮಾವ! ಏನ್ ಮಾಡ್ತಿದ್ದೀರಿ? ಅದು ತಬ್ಬಲಿ ರಾಶೀದಲ್ವಾ?"

"ಅಲ್ಲ." ಮಾವ ತಲೆಯೆತ್ತಲಿಲ್ಲ. "ನಮ್ಮ ಮನೆಯವಳದು."

ಅವಳ ನೋಟ ಎಡಗಡೆಯ ಕಿಂಡಿಗೆ ಹೋಯಿತು. "ಹಾಗಾದ್ರೆ ಆಗಿಂದ ಹಾಕಿದ್ದೆಲ್ಲ... ಅಯ್ಯೋ, ಮೊದ್ಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಒಂದನ್ನೂ ಹಾಕೋಕೆ ಬಿಡ್ತಿರಲಿಲ್ಲ."

"ಕೊಡಿ ಇಲ್ಲಿ, ನಾನು ಹೊಲೀತೀನಿ."

"ಬೇಡಮ್ಮ. ಬಿಚ್ಚಿದ್ದು ನಾನೇ."

ಅವಳು ಬಿಸಿ ಲೋಟವನ್ನು ಅವರ ಪಕ್ಕ ಇಟ್ಟು, ಯಾರೂ ಈ ಕಡೆ ಬಾರದ ಹಾಗೆ ಬೆನ್ನು ತಿರುಗಿಸಿ ನಿಂತಳು.

ಬೆಲ್ಟು ಹೊರಟಾಗ ಮಾವ ಸ್ವೆಟರನ್ನು ಅದರ ಕಂಪನಿಯ ತೊಟ್ಟಿಗೆ ಹಾಕಿದರು. ತೊಟ್ಟಿಯ ಬಾಯಲ್ಲಿ ನೂಲಿನ ಜಾತಿ ನೋಡುವ ಯಂತ್ರವಿದೆ. ಲೇಬಲ್ಲಿಗೂ ನೂಲಿಗೂ ತಾಳೆಯಾಗದಿದ್ದರೆ ಕೆಂಪು ದೀಪ ಹತ್ತುತ್ತದೆ. ಹತ್ತಿದ್ದು ಹಸಿರು. ಅದೇ ಕಂಪನಿ, ಅದೇ ಉಣ್ಣೆ, ಸುಳ್ಳೇನಿತ್ತು? ಒಂದು ಲೇಬಲ್ಲಿನಲ್ಲಿ ಎರಡು ಸ್ವೆಟರ್ ಬದುಕುವ ಹಾಗಿರಲಿಲ್ಲ, ಅಷ್ಟೇ. ಮಾವ ತಮ್ಮ ಬೂದಿ ಸ್ವೆಟರನ್ನು ಮತ್ತೆ ತೊಟ್ಟುಕೊಂಡು ಮುಂದಿನ ಬಟ್ಟೆಗೆ ಕೈ ಚಾಚಿದರು. ಇದು ಎಂದೋ ಒಂದು ದಿನ ಇದೇ ಬೆಲ್ಟಿನ ಮೇಲೆ ಬರುತ್ತದೆ. ಆಗ ಇಲ್ಲಿ ನಿಂತವರು ಕುತ್ತಿಗೆ ತಿರುಗಿಸಿ ನೋಡಿ ಎಡಕ್ಕೆ ಎಸೆಯುತ್ತಾರೆ, ಎಸೆಯಲೇಬೇಕು.

ಸಂಜೆ ಬಾಗಿಲು ತೆರೆದು "ಬಂದೆ" ಅಂದರು. ದೀಪ ಹಾಕುವಷ್ಟರಲ್ಲಿ ಮಗಳ ಫೋನ್ ಬಂತು.

"ಅಪ್ಪಾ, ಚೀಲ ಬಂತಾ?"

"ಬಂತು."

"ಎಲ್ಲಾ ತೊಟ್ಟಿಗೆ ಹಾಕಿದ್ಯಾ?"

"ಹಸಿರು ಸ್ವೆಟರ್ ನಾನೇ ಹಾಕಿದೆ ಮಗಳೇ. ಚೆನ್ನಾಗಿ ನೂಲು ಬರುತ್ತೆ."

ಅವಳು ಉಳಿದವುಗಳ ಸುದ್ದಿ ಎತ್ತದೆ ಊಟಕ್ಕೇನು ಎಂದು ಕೇಳಿದಳು. ಫೋನಿಟ್ಟ ಮೇಲೆ ಮಾವ ಬೀರುವಿನ ಮುಂದೆ ನಿಂತರು. ಆಕೆಯ ಕಡೆ ಖಾಲಿ ಹ್ಯಾಂಗರುಗಳಷ್ಟೇ ಉಳಿದಿದ್ದವು. ಸ್ವೆಟರ್ ಬಿಚ್ಚೋಣವೆಂದು ಕುತ್ತಿಗೆಗೆ ಕೈ ಹಾಕಿದಾಗಲೇ ಅವರಿಗೆ ಗೊತ್ತಾದದ್ದು: ಚಹಾದ ಹೊತ್ತಿನಿಂದ ಅಲ್ಲಿ ಏನೂ ಚುಚ್ಚಿರಲಿಲ್ಲ, ಏನೂ ಕೆರೆದಿರಲಿಲ್ಲ. ಕತ್ತನ್ನು ಆ ಕಡೆ ಹೊರಳಿಸಿದರು, ಈ ಕಡೆ ಹೊರಳಿಸಿದರು. ಉಣ್ಣೆ ಮೆತ್ತಗೆ ಚರ್ಮಕ್ಕೆ ಹತ್ತಿಕೊಂಡಿತ್ತು.

"ನೀನು ಹೇಳಿದ್ದು ನಿಜ ಕಣೇ" ಎಂದರು ಮಾವ, ಸ್ವಲ್ಪ ಗಟ್ಟಿಯಾಗಿಯೇ.

ನಾನು ಅವತ್ತೇ ಹೇಳಿರಲಿಲ್ವಾ ಎಂದು ಹಂಗಿಸುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.