ಕಾಯಂ ವಿಳಾಸ

ರಾಣೆಬೆನ್ನೂರಿನ ದ್ರಾಕ್ಷಾಯಿಣಿ ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿಕೊಡುವ ಕೆಲಸದವಳು. ಮಾತು ಖಾರ, ಹಟ ಅದಕ್ಕಿಂತ ಖಾರ. ಆದರೆ ಕುಮಾರಪಟ್ಟಣದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು. ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಕೀಬೋರ್ಡು ಹಂಚಿಕೊಂಡು ಕಲಿತ ಗೆಳತಿ ಮುಸರತ ಆ ಊರಿನವಳು. ಸಣ್ಣ ಮಾತಿಗೆ ಮುನಿಸಾಗಿ ದೂರಾಗಿದ್ದರು. ಮುನಿಸು ಕರಗಿದ ಮೇಲೆ ದ್ರಾಕ್ಷಾಯಿಣಿ ಹೋಗಿ ನೋಡಿದರೆ ಮನೆಗೆ ಬೀಗ. ಆಮೇಲೂ ಹೋದಾಗಲೆಲ್ಲ ಬೀಗ ನೋಡಿಕೊಂಡೇ ಬಂದಳು. ಓಣಿಯಲ್ಲಿ ಕೇಳಲು ಬಿಂಕ. ಜಗಳ ತೆಗೆದವಳೇ ಹುಡುಕಿಕೊಂಡು ಬಂದಳೆಂದು ಆಡಿಕೊಂಡರೆ?

೨೦೦೬ರ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪರಮೇಶಪ್ಪನವರಿಂದ ಕರೆ ಬಂತು. ಮುಖ್ಯ ಕಂಪ್ಯೂಟರಿನಲ್ಲಿ ತಂತಿ ಬಂದು ಸೇರುವ ನೆಟ್‌ವರ್ಕ್ ಕಾರ್ಡು ಮೆಣಸಿನಕಾಯಿ ಧೂಳು ತಿಂದು ಸತ್ತಿತ್ತು. ಸೀನುತ್ತಲೇ ಹೊಸದು ಹಾಕಿ, ಬಳಗದಲ್ಲಿ ಆ ಕಂಪ್ಯೂಟರಿಗಿದ್ದ ಹಳೆಯ ನಂಬರನ್ನೇ ಕೊಟ್ಟಳು. ಆದರೂ ಉಳಿದ ಕಂಪ್ಯೂಟರುಗಳು ಅದನ್ನು ಮಾತಾಡಿಸಲೊಲ್ಲವು.

ತಪ್ಪು ಅವಳದೇ. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಅಚ್ಚಾದ ವಿಳಾಸವೊಂದು ಇರುತ್ತದೆ. ಇನ್ನೊಂದರ ವಿಳಾಸ ಗೊತ್ತಿಲ್ಲದ ಕಂಪ್ಯೂಟರು ತಾನು ಯಾರೆಂದು ಹೇಳಿಕೊಂಡು, ಈ ನಂಬರಿನವರು ಯಾರೆಂದು ಇಡೀ ಬಳಗಕ್ಕೆ ಕೂಗುತ್ತದೆ. ಆ ನಂಬರಿನದು ಮಾತ್ರ ಓಗೊಟ್ಟು ತನ್ನ ವಿಳಾಸ ಹೇಳುತ್ತದೆ. ಕೇಳಿದ್ದು ಅದನ್ನು ಸ್ವಲ್ಪ ಹೊತ್ತು ನೆನಪಿಟ್ಟು, ಮರೆತು, ಮತ್ತೆ ಕೂಗುತ್ತದೆ. ಸಲಸಲಕ್ಕೂ ಕೂಗುವುದೇಕೆಂದು ದ್ರಾಕ್ಷಾಯಿಣಿ ಹಿಂದೆ ಇವನ್ನು ಜೋಡಿಸಿಕೊಟ್ಟಾಗ ಅತಿಜಾಣತನ ಮಾಡಿ, ಹಳೆಯ ಕಾರ್ಡಿನ ವಿಳಾಸವನ್ನು ಎಲ್ಲದರಲ್ಲೂ ಕಾಯಂ ಆಗಿ ಬರೆದಿಟ್ಟಿದ್ದಳು. ಪಕ್ಕದ ಮೇಜಿನಲ್ಲಿ ಜೀವಂತವಾಗಿದ್ದುದನ್ನು ಬಿಟ್ಟು ಅವು ಸತ್ತ ಕಾರ್ಡಿನ ಬಾಗಿಲನ್ನೇ ಬಡಿಯುತ್ತಿದ್ದವು.

ಬರೆದದ್ದನ್ನು ಅಳಿಸಿದಳು. ಕೂಗು ಹೊರಟಿತು, ಉತ್ತರ ಬಂತು. ಅವಳ ಕಣ್ಣು ತುಂಬಿದ್ದು ಕಂಡು ಪರಮೇಶಪ್ಪ ಖಾರದ ಘಾಟೆಂದುಕೊಂಡು ಫ್ಯಾನು ತಿರುಗಿಸಿದರು.

ಅವಳು ಮನೆಗೆ ಹೋಗಲಿಲ್ಲ. ಬಸ್ಸು ಬದಲಿಸಿ ಕುಮಾರಪಟ್ಟಣಕ್ಕೆ ಹೋದಳು. ಬೀಗದ ಮನೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಕರೆದಳು.

“ಮುಸರತ, ನಾ ದ್ರಾಕ್ಷಾಯಿಣಿ ಬಂದೇನಿ.”

ಹಿಂದಿನ ಓಣಿಯಿಂದ ಮುಸರತಳ ತಾಯಿ ಸಕೀನಾಬಿ ಬಂದರು. ಮನೆ ಬದಲಿಸಿ ಅಲ್ಲೇ ಇದ್ದರಂತೆ. ಮುಸರತ ಲಗ್ನವಾಗಿ ಹಾವೇರಿಗೆ ಹೋದದ್ದು ಹೋದ ತಿಂಗಳು.

“ನೀ ಬಂದು ಬೀಗ ನೋಡಿ ಹೋಗೋದನ್ನ ಆಕಿ ಮಾಳಗಿ ಮ್ಯಾಲಿಂದ ನೋಡತಿದ್ಲವ್ವಾ,” ಎಂದರು ಸಕೀನಾಬಿ. “ಒಮ್ಮೆ ಹೆಸರ ಹಿಡದು ಕರೀಲಿ, ಓಡಿ ಹೋಗತೇನಿ ಅಂತಿದ್ಲು.”

ದ್ರಾಕ್ಷಾಯಿಣಿ ಹಿಂದಿನ ಓಣಿಯ ಮಾಳಿಗೆಯತ್ತ ಕತ್ತೆತ್ತಿ ನೋಡಿದಳು. ಆಮೇಲೆ, ಹಾವೇರಿಗೆ ಇನ್ನೂ ಬಸ್ಸಿದೆಯೇ ಎಂದು ಕೇಳಿದಳು.