ಡ್ರೈವಿಂಗ್ ಮೇಡಂ ಮತ್ತು ಚಿಕ್ಕಮ್ಮನ ಮಗಳು

ಕಾರು ಕಲಿಯಲು ಬರುವ ಹೆಂಗಸರಿಗೆಲ್ಲ ಡ್ರೈವಿಂಗ್ ಮೇಡಂ ಎಂದರೆ ಪ್ರಾಣ. ಎಷ್ಟೇ ತಪ್ಪು ಮಾಡಿದರೂ ಅವಳು ಬಯ್ಯುತ್ತಿರಲಿಲ್ಲ. "ಗೇರು ಕಣ್ರೀ ಅದು, ಗಂಡನ ಕಿವಿ ಅಲ್ಲ. ಮೆತ್ತಗೆ ಹಿಡೀರಿ," ಎನ್ನುತ್ತಿದ್ದಳು. ಕಲಿಯುವವರ ಹೆದರಿಕೆ ನಗುವಿನಲ್ಲಿ ಕರಗಿಹೋಗುತ್ತಿತ್ತು.

ಅವಳ ಮನೆಯಲ್ಲಿ ಇನ್ನೊಬ್ಬಳಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಗಂಡಹೆಂಡಿರಂತೆ ಬಾಳುತ್ತಿದ್ದರು. ಜಗಳವೂ ಅದೇ ಥರದ್ದು: ಒದ್ದೆ ಟವೆಲು ಹಾಸಿಗೆಯ ಮೇಲೇಕೆ, ಫ್ಯಾನು ಎಷ್ಟರಲ್ಲಿರಬೇಕು. ಮನೆಯೊಡತಿಗೆ, ಕೆಲಸದ ಕಡೆಯವರಿಗೆ ಮಾತ್ರ ಅವಳು ಮೇಡಂನ ಚಿಕ್ಕಮ್ಮನ ಮಗಳು. ಹೇಳಿ ಹೇಳಿ ಆ ಇಲ್ಲದ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿನೋವೂ ಬಂದಿದ್ದವು. ಅದನ್ನು ನೆನೆದು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ ಕಾಲವೊಂದಿತ್ತು.

ಬರಬರುತ್ತ ಆ ನಗು ನಿಂತಿತು. ಭಾನುವಾರ ಭಾನುವಾರ ಅಮ್ಮನ ಫೋನು: "ನಿನ್ನ ತಂಗಿಗೂ ಎರಡು ಮಕ್ಕಳಾದ್ವು. ನಿಂಗಿನ್ನೂ ಬುದ್ಧಿ ಬಂದಿಲ್ವಲ್ಲೇ?" ಆ ಫೋನಿಗೆ ಮೊದಲು ಮೇಡಂ ಒಂದು ಗ್ಲಾಸು ರಮ್ ಕುಡಿಯತೊಡಗಿದಳು. ಕುಡಿದರೆ ಸುಳ್ಳು ಸಲೀಸಾಗಿ ಬರುತ್ತಿತ್ತು. ಆಮೇಲೆ ಫೋನಿಟ್ಟ ಮೇಲೂ ಒಂದು ಬೇಕಾಯಿತು. ಕೊನೆಗೆ ಫೋನಿನ ನೆಪವೇ ಬೇಡವಾಯಿತು.

ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿ, ಸ್ವಲ್ಪ ದಿನ ಇವಳ ಮನೆಯಲ್ಲಿರುವುದೆಂದು ನಿಶ್ಚಯವಾಯಿತು. ಊರಿಗೆಲ್ಲ ಹೇಳಿದ್ದ ಸುಳ್ಳು ಅಮ್ಮನ ಮುಂದೆ ನಡೆಯುವಂತಿರಲಿಲ್ಲ; ಅಮ್ಮನಿಗೆ ತಂಗಿಯೇ ಇರಲಿಲ್ಲ. ಜೋಡಿಸಿದ್ದ ಮಂಚಗಳನ್ನು ಬೇರೆ ಮಾಡುತ್ತ, ಮುಖ ನೋಡದೆ ಮೇಡಂ ಕೇಳಿದಳು:

"ಅಮ್ಮ ಹೋಗೋವರೆಗೂ ನೀನು ಹಾಸ್ಟೆಲಲ್ಲಿ ಇರ್ತೀಯಾ?"

"ಸ್ನೇಹಿತೆ ಅಂತಾನೂ ಹೇಳಕ್ಕಾಗಲ್ವಾ ನಿನಗೆ?"

"ಕಣ್ಣಿಗೆ ಪಟ್ಟಿ ಕಟ್ಟಿದ್ರೂ ನಮ್ಮಮ್ಮಂಗೆ ಎಲ್ಲಾ ಕಾಣುತ್ತೆ ಕಣೇ."

ಲ್ಯಾಬಿನವಳು ನಗಲಿಲ್ಲ. ಬಟ್ಟೆ ತುಂಬಿಕೊಂಡು ಹೊರಟುಹೋದಳು.

ಮನೆಯಲ್ಲಿ ಅಮ್ಮನಿದ್ದಾಗ ಕುಡಿಯುವ ಹಾಗಿರಲಿಲ್ಲ. ಹೀಗಾಗಿ ನೀರಿನ ಬಾಟಲಿಯಲ್ಲಿ ವೋಡ್ಕಾ ಸೇರಿ ಕಾರಿನೊಳಕ್ಕೆ ಬಂತು. ಒಂದು ಬೆಳಿಗ್ಗೆ ಸ್ಕೂಲ್ ಟೀಚರೊಬ್ಬರು ಕಾರು ತಿರುಗಿಸುವಾಗ ಸೈಕಲ್ಲಿನವನೊಬ್ಬ ಅಡ್ಡ ಬಂದ. ಮೇಡಂ ತನ್ನ ಕಡೆಯ ಬ್ರೇಕು ಒತ್ತಿದ್ದು ತಡವಾಯಿತು. ಅವನ ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ. ಟೀಚರು ತಿರುಗಿ, "ಮೇಡಂ, ಕುಡಿದಿದೀರಾ?" ಎಂದರು.

ಅವಳೇ ಹೋಗಿ ಡ್ರೈವಿಂಗ್ ಸ್ಕೂಲಿನ ಮಾಲೀಕನ ಮೇಜಿನ ಮೇಲೆ ಕಾರಿನ ಕೀಲಿ ಇಟ್ಟಳು. "ಇನ್ನು ಕಾರಲ್ಲಿ ಕೂರಲ್ಲ ಸಾರ್. ಯಾರನ್ನಾದ್ರೂ ಸಾಯಿಸ್ಬಿಡ್ತೀನಿ."

ಅಮ್ಮ ಹೊರಟ ದಿನವೇ ಲ್ಯಾಬಿನ ಬಾಗಿಲಿಗೆ ಓಡಿದಳು. "ಬಾರೇ, ಅಮ್ಮ ಹೋದ್ರು."

"ಮತ್ತೆ ಬಂದ್ರೆ?"

ಕೈ ಹಿಡಿಯಲು ಬಂದ ಮೇಡಂನನ್ನು ಲ್ಯಾಬಿನವಳು ತಡೆದಳು.

"ನೀನು ಕುಡೀತೀಯ ಅಂತ ನಿನ್ನ ಬಿಡ್ತಿಲ್ಲ ಕಣೇ. ಬಿದ್ದಾಗೆಲ್ಲ ಎತ್ತಿ ಮಲಗಿಸಿದ್ದೀನಿ. ಆದ್ರೆ ಇನ್ನೊಂದು ಸಲ ಮನೆಯಿಂದ ಹೊರಗೆ ಹಾಕಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಕುಡಿತ ಬಿಡಿಸುವ ಕೇಂದ್ರಕ್ಕೆ ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಹೆಂಗಸು ಇವಳೊಬ್ಬಳೇ. "ಗಂಡನ ಜೊತೆ ತೊಂದ್ರೆನಾ?" ಎಂದು ಡಾಕ್ಟರಮ್ಮ ಕೇಳಿದಾಗ ಹೌದೆಂದು ತಲೆಯಾಡಿಸಿದಳು. ಇಲ್ಲದ ಗಂಡನ ಮುಂಗೋಪವನ್ನು ವಾರಗಟ್ಟಲೆ ವರ್ಣಿಸಿದಳು. ಒಂದು ದಿನ ಅವಳಿಗೇ ಸಾಕಾಯಿತು.

"ಗಂಡ ಇಲ್ಲ ಡಾಕ್ಟ್ರೇ. ಇದ್ದೋಳು ಹೆಂಗಸು. ನಾನೇ ಕಳಿಸಿಬಿಟ್ಟೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು: "ಅವರಿಲ್ಲದ ಮನೇಲಿ ಹೇಗಿದೀರಾ?"

ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಸಂಸಾರ ಮುರಿದರೆ ಸಂತೈಸಲು ಬರುವವರಾರು? ಮೇಡಂ ಬಿಕ್ಕಿ ಬಿಕ್ಕಿ ಅತ್ತಳು.

ಕುಡಿತ ಅಂದೇ ಬಿಡಲಿಲ್ಲ. ಬಿಟ್ಟಳು, ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ಕಾರು ಕಲಿಸಲು ಮರಳುವ ಹೊತ್ತಿಗೆ ಲ್ಯಾಬಿನವಳು ಬೇರೆ ಊರು ಸೇರಿಯಾಗಿತ್ತು. ಒಮ್ಮೆ ಧೈರ್ಯ ಮಾಡಿ ಫೋನು ಮಾಡಿದಳು.

"ಬಿಟ್ಟಿದ್ದೀನಿ ಕಣೇ. ಪೂರ್ತಿ."

"ಒಳ್ಳೇದಾಯ್ತು," ಎಂದಳು ಅವಳು. ದನಿಯಲ್ಲಿ ನಿಜವಾದ ಸಂತೋಷವಿತ್ತು. ಅಷ್ಟರಲ್ಲಿ ಅವಳ ಹಿಂದಿನಿಂದ ಊಟಕ್ಕೆ ಕರೆಯುವ ಇನ್ನೊಂದು ಹೆಣ್ಣುದನಿ ಕೇಳಿಸಿತು.

"ಊಟ ಮಾಡ್ಕೋ, ಆರೋಗುತ್ತೆ," ಎಂದು ಮೇಡಂ ಫೋನಿಟ್ಟಳು.