ಕೋಡು ಮುರಿದ ಮಣ್ಣೆತ್ತು

ಮಗಳು ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ ನನ್ನ ಮೇಜಿನ ಮೇಲಿದ್ದ ಗೊಂಬೆಗಳನ್ನೆಲ್ಲ ಯಾರೋ ತೆಗೆದಿಟ್ಟಿದ್ದರು. ಕ್ಯಾಮೆರಾ, ಎರಡು ದೀಪ, ತಿರುಗುವ ಬಿಳಿ ತಟ್ಟೆ ಇಷ್ಟೇ ಉಳಿದಿದ್ದವು. ನನಗೆ ನೋವಾಗಬಾರದೆಂದು ಹಾಗೆ ಮಾಡಿದ್ದರು. ನಾನು ಕಪಾಟು ತೆರೆದೆ, ಹಿಂದಕ್ಕೆ ಸರಿಸಿಟ್ಟಿದ್ದ ಪ್ಲಾಸ್ಟಿಕ್ ಜಿರಾಫೆಯನ್ನು ತಂದು ತಟ್ಟೆಯ ಮೇಲಿಟ್ಟೆ, ಫೋಟೊ ತೆಗೆಯತೊಡಗಿದೆ. ನೋವೂ ಆಗಲಿಲ್ಲ, ಬೇರೇನೂ ಆಗಲಿಲ್ಲ.

ನಮ್ಮ ಆಫೀಸು ನವನಗರದಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿತ್ತು. ನಾಲ್ಕೈದು ಜನ ಸೇರಿ ಮಕ್ಕಳಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಮಗು ತನ್ನ ಆಟಿಕೆಯನ್ನು ಟ್ಯಾಬಿನ ಕ್ಯಾಮೆರಾಕ್ಕೆ ತೋರಿಸಬೇಕು. ಅದು ಆನೆಯೋ ಕುದುರೆಯೋ ಎಂದು ಯಂತ್ರ ಗುರುತಿಸಬೇಕು. ಗುರುತಿಸಿದ ಕೂಡಲೇ ಪರದೆಯ ಮೇಲೆ ಆ ಪ್ರಾಣಿ ಎದ್ದು ನಿಂತು ನಡೆದಾಡಬೇಕು, ಮೇಯಬೇಕು, ಮಗು ಕರೆದರೆ ಬರಬೇಕು. ಯಂತ್ರಕ್ಕೆ ಕಲಿಸುವುದು ನನ್ನ ಕೆಲಸ. ಒಂದೊಂದು ಆಟಿಕೆಯನ್ನೂ ಎಲ್ಲ ಬದಿಯಿಂದ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅದರ ಅಂಚಿಗುಂಟ ಗೆರೆ ಎಳೆದು, ಇದು ಆನೆ, ಇದು ಆನೆಯ ಕಿವಿ ಎಂದು ಬರೆಯಬೇಕು.

ಮಗಳಿಗೆ ಐದು ತುಂಬುವುದರಲ್ಲಿತ್ತು. ಮಳೆಗಾಲದ ಕೊನೆಗೆ ಜ್ವರ ಬಂತು, ಇಳಿಯಲಿಲ್ಲ. ಆಸ್ಪತ್ರೆಯವರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಈಗಲೂ ಬರುವುದಿಲ್ಲ.

ಆ ಕೆಲಸ ಆಗ ನನಗೆ ಹೊಂದಿಕೊಂಡಿತ್ತು. ತಟ್ಟೆ ತಿರುಗಿಸುವುದು, ಗುಂಡಿ ಒತ್ತುವುದು, ಮತ್ತೆ ತಿರುಗಿಸುವುದು. ಸಂಜೆ ನಡೆದುಕೊಂಡು ಮನೆಗೆ ಬರುತ್ತಿದ್ದೆ. ನನ್ನ ಗಂಡ ಗಬ್ಬೂರ ಬೈಪಾಸಿನ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನು ಬಂದ ಮೇಲೆ ನೀರು ಬಂತೋ ಇಲ್ಲವೋ, ಸಿಲಿಂಡರ್ ತಂದುಕೊಟ್ಟರೋ ಇಲ್ಲವೋ ಎಂದು ಮಾತಾಡುತ್ತಿದ್ದೆವು. ಊಟ ಮಾಡುತ್ತಿದ್ದೆವು. ಅಕ್ಕಪಕ್ಕದವರು ನಮ್ಮನ್ನು ನೋಡಿ, ಗಟ್ಟಿ ಮನಸ್ಸಿನವರು ಎಂದುಕೊಂಡರಂತೆ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ನಮ್ಮ ಗಲ್ಲವನ್ನು ನಾವೇ ಮುಟ್ಟಿಕೊಂಡರೂ ಅದು ಬೇರೆ ಯಾರದೋ ಅನಿಸುತ್ತದೆ. ಆ ಥರ.

ಚಳಿಗಾಲದಲ್ಲಿ ಮೊದಲ ಸಲ ಆ್ಯಪನ್ನು ಮಕ್ಕಳ ಕೈಗೆ ಕೊಟ್ಟು ನೋಡಿದೆವು. ಧಾರವಾಡದಲ್ಲಿ ಒಂದು ಹಳೆಯ ಚರ್ಚಿನ ಆವರಣದೊಳಗೆ ಶಿಶುವಿಹಾರವಿದೆ. ಅಲ್ಲಿನ ಬಾಯಾರು, ಎಂದರೆ ಟೀಚರು, ಮನೆಯಿಂದ ಒಂದೊಂದು ಆಟಿಕೆ ತರಲು ಮಕ್ಕಳಿಗೆ ಹೇಳಿದ್ದರು. ಆಫೀಸಿನಲ್ಲಿ ನಾವು ಸರ್ ಎನ್ನುತ್ತಿದ್ದ ನಮ್ಮ ಹಿರಿಯರು ಟ್ಯಾಬ್ ಹಿಡಿದು ಕುಳಿತರು. ಅಂಗಡಿಯಿಂದ ತಂದ ಹೊಸ ಆನೆಯನ್ನು ತೋರಿಸಿದರೆ ಯಂತ್ರ ತಟ್ಟನೆ ಗುರುತಿಸಿತು. ಮಕ್ಕಳ ಆಟಿಕೆಗಳ ಮುಂದೆ ಸೋತುಹೋಯಿತು. ಅವುಗಳಿಗೆ ಬಾಲವಿರಲಿಲ್ಲ, ಬಣ್ಣ ಹಾರಿತ್ತು, ಮುಖದ ತುಂಬ ಪೆನ್ನಿನಿಂದ ಗೀಚಿದ್ದರು. ಒಬ್ಬಳು ಹುಡುಗಿ ಅರ್ಧ ಕೂದಲು ಕಿತ್ತ ಬಟ್ಟೆ ಗೊಂಬೆ ತಂದಿದ್ದಳು. "ಗೊತ್ತಾಗಲಿಲ್ಲ, ಇನ್ನೊಮ್ಮೆ ತೋರಿಸು" ಎಂದಿತು ಟ್ಯಾಬು. ಅವಳು ತೋರಿಸಿದಳು. ಮತ್ತೆ ಅದೇ ಮಾತು. ಅವಳು ಗೊಂಬೆಯ ಲಂಗ ಸರಿಮಾಡಿ, ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಹಿಡಿದು ಮತ್ತೆ ಮತ್ತೆ ತೋರಿಸುತ್ತಲೇ ಇದ್ದಳು. ಕೊನೆಗೆ ಸರ್ ಟ್ಯಾಬನ್ನು ಮಗುಚಿ ಇಟ್ಟರು.

"ನಮ್ಮ ಹುಡುಗರ ಆಟಗಿ ಹಿಂಗ ಇರತಾವ್ರಿ," ಎಂದರು ಬಾಯಾರು. "ಹೊಸಾವು ಇವರ ಕೈಯಾಗ ಒಂದ ವಾರ ಉಳಿಯಂಗಿಲ್ಲ."

ಮರುದಿನ ಆಫೀಸಿನಲ್ಲಿ ಸರ್ ಹೇಳಿದರು, "ಆಡಿ ಹಳೇವಾದ ಆಟಗಿ ಬೇಕ್ರಿ ನಮಗ. ಯಾರ ಮನ್ಯಾಗರ ಅದಾವೇನು?" ಹೇಳಿದ ಮೇಲೆ ಅವರಿಗೆ ನೆನಪಾಯಿತು. ನನ್ನ ಪಕ್ಕದಲ್ಲಿ ಕೂರುವ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು, ಕೀಲಿಮಣೆಯ ಮೇಲೆ ಕಣ್ಣು ನೆಟ್ಟಳು.

"ನಮ್ಮನ್ಯಾಗ ಒಂದ ಚೀಲ ಐತ್ರಿ," ಎಂದೆ ನಾನು.

"ಬ್ಯಾಡ್ರಿ, ಬ್ಯಾಡ. ನಾ ಬ್ಯಾರೆ ಎಲ್ಲೆರ ನೋಡತೇನಿ," ಎಂದು ಅವರು ಗಡಬಡಿಸಿದರು.

ಆ ಸಂಜೆ ಊಟಕ್ಕೆ ಕುಳಿತಾಗ ಆಟಿಕೆಗಳ ಚೀಲ ಆಫೀಸಿಗೆ ಒಯ್ಯುವ ವಿಷಯ ಗಂಡನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಒಯ್ದ್ರ ನಿನಗೇನೂ ಅನಸೂದಿಲ್ಲೇನು?"

"ಇಲ್ಲ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ನನಗೂ ಅಷ್ಟ. ಅಂಗಡ್ಯಾಗ ಗಿರಾಕಿ ಜೋಡಿ ನಗ್ಯಾಡತೇನಿ. ಆಮ್ಯಾಲೆ ನಾ ಎಂಥಾ ಮನಷ್ಯಾ ಅಂತ ನನಗ ಅಂಜಿಕಿ ಬರತೈತಿ."

ಮಗಳು ಹೋದ ಮೇಲೆ ನಾವಿಬ್ಬರೂ ಆಡಿದ ಖರೆ ಮಾತು ಅದೇ ಮೊದಲು. ಊಟವಾದ ಮೇಲೆ ಅವನೇ ಕುರ್ಚಿ ಹಾಕಿಕೊಂಡು ಅಟ್ಟದ ಮೇಲಿನ ಚೀಲ ಇಳಿಸಿದ. ಹೆಬ್ಬಳ್ಳಿಯಿಂದ ಬಂದಿದ್ದ ಅತ್ತೆ ಚೀಲವನ್ನು ನೋಡಿ ಎದ್ದು ಬಂದರು. ಕೊಡುವ ವಿಷಯ ಕೇಳಿ, "ತೊಳದರ ಕೊಡು ಯವ್ವಾ, ಎಲ್ಲಾ ಹೊಲಸಾಗ್ಯಾವ," ಎಂದರು.

"ಹೊಲಸ ಇದ್ದರ ಛಲೋ ಅಂತ್ರಿ ಅತ್ತಿ. ಯಂತ್ರಕ್ಕ ಹಂಗ ಬೇಕಂತ."

ಅವರಿಗೆ ಅರ್ಥವಾಗಲಿಲ್ಲ. ಚೀಲದಿಂದ ಒಂದು ಬಾತುಕೋಳಿಯನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಲು ಹೋದರು, ನನ್ನ ಮುಖ ನೋಡಿ ಹಾಗೆಯೇ ಇಟ್ಟರು.

ಚೀಲದಲ್ಲಿ ಹೆಚ್ಚೇನೂ ಇರಲಿಲ್ಲ. ರಬ್ಬರಿನ ಆನೆ, ಬಾತುಕೋಳಿ, ಗಾಲಿ ಕಳಚಿದ ಬಸ್ಸು, ಅಡುಗೆ ಸಾಮಾನಿನ ಸೆಟ್ಟು, ಕತ್ತರಿಯಿಂದ ಕೂದಲು ಕತ್ತರಿಸಿದ ಗೊಂಬೆ. ಎಲ್ಲಕ್ಕಿಂತ ಕೆಳಗೆ ಗಂಡನ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಮಣ್ಣಿನ ಎತ್ತು. ಹಿಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಅತ್ತೆ ಎರೆಮಣ್ಣಿನಿಂದ ಮಾಡಿದ ಜೋಡಿ ಎತ್ತುಗಳಲ್ಲಿ ಒಂದು. ಪೂಜೆಯಾದ ಮೇಲೆ ಅವನ್ನು ಬಾವಿಗೆ ಬಿಡುವುದು ರೂಢಿ. ನನ್ನ ಮಗಳು ಬಾವಿಕಟ್ಟೆಯ ಹತ್ತಿರ ನಿಂತು ಅತ್ತು ಕರೆದು ಒಂದನ್ನು ಉಳಿಸಿಕೊಂಡಿದ್ದಳು. ಬಸ್ಸಿನಲ್ಲಿ ಮನೆಗೆ ಬರುವಾಗಲೇ ಅದರ ಒಂದು ಕೋಡು ಮುರಿದಿತ್ತು.

ಆಫೀಸಿನಲ್ಲಿ ಅವನ್ನೆಲ್ಲ ನಾನೇ ಫೋಟೊ ತೆಗೆದೆ. ಬೇರೆಯವರು ಮುಟ್ಟಲು ಹಿಂಜರಿದರು. ಆನೆಯ ಕಿವಿಯ ತುದಿ ಇರಲಿಲ್ಲ, ಇದ್ದ ಭಾಗದ ಮೇಲೆ ಸಣ್ಣ ಹಲ್ಲುಗಳ ಗುರುತಿದ್ದವು. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿಕೊಂಡು, ಆ ತಗ್ಗುಗಳ ಅಂಚಿಗುಂಟ ನಿಧಾನವಾಗಿ ಗೆರೆ ಎಳೆದೆ. 'ಆನೆಯ ಕಿವಿ, ಅರ್ಧ' ಎಂದು ಬರೆದೆ. ಪಕ್ಕದ ಹುಡುಗಿ ಇದ್ದಕ್ಕಿದ್ದಂತೆ ಬಿಕ್ಕತೊಡಗಿದಳು. ನಾನು ಎದ್ದುಹೋಗಿ ಅವಳಿಗೆ ನೀರು ತಂದುಕೊಟ್ಟೆ, ಬೆನ್ನು ಸವರಿದೆ. "ಸಾರಿ ಅಕ್ಕಾ, ಸಾರಿ," ಎನ್ನುತ್ತಿದ್ದಳು. ಅವಳಿಗೆ ಸಮಾಧಾನವಾದ ಮೇಲೆ ಬಂದು ಬಾಲದ ಗೆರೆ ಮುಗಿಸಿದೆ.

ಅಂಥ ಹೊಸ ಆಟಿಕೆಗಳನ್ನು ಮೊದಲೇ ನೋಡಿದ್ದರಿಂದ ಉಳಿದೆಲ್ಲವನ್ನೂ ಯಂತ್ರ ಕಲಿಯಿತು. ಮಣ್ಣೆತ್ತು ಮಾತ್ರ ಅದಕ್ಕೆ ತಿಳಿಯಲಿಲ್ಲ. ಒಮ್ಮೆ ನಾಯಿ ಎಂದಿತು, ಒಮ್ಮೆ ಹಂದಿ ಎಂದಿತು, ನೆರಳು ಬಿದ್ದಾಗ ಕಲ್ಲು ಎಂದಿತು. ಒಂದೇ ಎತ್ತಿನಿಂದ ಕಲಿಸಲಾಗುವುದಿಲ್ಲ, ಬೇರೆ ಬೇರೆ ಕೈಗಳು ಮಾಡಿದ ಬೇರೆ ಬೇರೆ ಎತ್ತು ಬೇಕು ಎಂದರು ಸರ್. "ಬಿಟ್ಟಬಿಡೂಣ್ರಿ, ಮಣ್ಣೆತ್ತು ಎಷ್ಟ ಮಂದಿ ಕಡೆ ಇರತಾವು?" ಎಂದೂ ಹೇಳಿದರು. ನಾನು ಬಿಡುವುದಿಲ್ಲ ಎಂದೆ. ಯಾಕೆ ಹಾಗೆಂದೆನೋ ನನಗೇ ತಿಳಿಯಲಿಲ್ಲ. ಅಷ್ಟು ದಿನಗಳಲ್ಲಿ ನಾನು ಯಾವುದಕ್ಕೂ ಬೇಕು, ಬೇಡ ಎಂದಿರಲಿಲ್ಲ.

ರವಿವಾರ ನಾನು, ಗಂಡ ಹೆಬ್ಬಳ್ಳಿಗೆ ಹೋದೆವು. ಅಷ್ಟರಲ್ಲಿ ಊರಿಗೆ ಮರಳಿದ್ದ ಅತ್ತೆ ಮೊದಲು ಒಪ್ಪಲಿಲ್ಲ. "ಅಮಾಸಿ ಇಲ್ಲದ ಬಸವಣ್ಣನ್ನ ಮಾಡತಾರೇನ? ಮಂದಿ ಏನಂದಾರು?"

"ಪೂಜಿಗಲ್ಲ ಅವ್ವಾ, ಹುಡುಗರ ಆಟಕ್ಕ," ಎಂದ ನನ್ನ ಗಂಡ.

ಅವರು ಬುಟ್ಟಿ ತೆಗೆದುಕೊಂಡು ಹೊಲದ ಕಡೆ ಹೋದರು. ಮಣ್ಣು ಕಲಸುವುದನ್ನು ಕಂಡು ಓಣಿಯ ಮಕ್ಕಳು ಒಬ್ಬೊಬ್ಬರೇ ಬಂದು ಕುಳಿತರು. ಸ್ವಲ್ಪ ಹೊತ್ತಿಗೆ ಕಟ್ಟೆಯ ಮೇಲೆ ದಪ್ಪ ಹೊಟ್ಟೆಯ, ಸೊಟ್ಟ ಕಾಲಿನ, ಕುತ್ತಿಗೆಯೇ ಇಲ್ಲದ ಎತ್ತುಗಳು ಸಾಲಾಗಿ ನಿಂತವು. ಕಣ್ಣಿಗೆ ಜೋಳದ ಕಾಳು ಚುಚ್ಚಿದರು. ನನ್ನ ಗಂಡನೂ ಪ್ಯಾಂಟು ಮಡಚಿಕೊಂಡು ಒಂದನ್ನು ಮಾಡಿದ.

ಒಬ್ಬಳು ಹುಡುಗಿ ಅದನ್ನು ನೋಡಿ, "ಕಾಕಾ, ಇದು ಕತ್ತಿ ಆಗೇತ್ರಿ!" ಎಂದಳು.

ಅವನು ಎತ್ತನ್ನು ತಿರುಗಿಸಿ ಅದರ ಕತ್ತೆಯಂಥ ಕಿವಿ ನೋಡಿದ, ಜೋರಾಗಿ ನಕ್ಕುಬಿಟ್ಟ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನಗುವ ನಗೆ ಅಲ್ಲ ಅದು. ಅತ್ತೆ ಕೈ ತೊಳೆಯುತ್ತಿದ್ದವರು ಅಲ್ಲೇ ನಿಂತು ಮಗನನ್ನು ನೋಡಿದರು. ನಾನೂ ನೋಡಿದೆ. ಅವನು ನಕ್ಕ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ, ಬಿಸಿಲು ಬಂತು, ಬಸ್ಸು ಬಂತು ಎಂದು ಹೇಳಿಕೊಳ್ಳುವ ಹಾಗೆ.

ಒಣಗಿದ ಎತ್ತುಗಳನ್ನು ಹುಲ್ಲಿನಲ್ಲಿ ಮುಚ್ಚಿ ತಂದು ಆಫೀಸಿನಲ್ಲಿ ಫೋಟೊ ತೆಗೆದೆ. ಕೆಲ ದಿನ ಅದೇ ಕೆಲಸವಾಯಿತು. ಯಂತ್ರ ಕಲಿಯಿತೋ ಇಲ್ಲವೋ ನೋಡಲು ಮಗಳ ಎತ್ತನ್ನು ಟ್ಯಾಬಿನ ಮುಂದೆ ನಾನೇ ಹಿಡಿದೆ. "ಎತ್ತು" ಎಂದಿತು. ಪರದೆಯ ಮೇಲೆ ಹಸಿರು ಹುಲ್ಲಿನ ನಡುವೆ ಒಂದು ಎತ್ತು ಮೊಣಕಾಲೂರಿ ಎದ್ದು, ಕತ್ತು ಕೊಡವಿ ನಡೆಯಿತು. ಸರ್ ಚಪ್ಪಾಳೆ ತಟ್ಟಲು ಕೈ ಎತ್ತಿ ಇಳಿಸಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ನೆರಳು ಕಾಲಿನ ಕೆಳಗೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುತ್ತಿದ್ದೆ. ಸರಿಯಾಗಿ ಬೀಳುತ್ತಿರಲಿಲ್ಲ. ಹಾಗೆಂದು ಹೇಳಿದೆ.

ಎರಡನೆಯ ಸಲ ಶಿಶುವಿಹಾರಕ್ಕೆ ಹೋದಾಗ ಬಟ್ಟೆ ಗೊಂಬೆಯ ಹುಡುಗಿಯೇ ಮೊದಲು ಓಡಿಬಂದಳು. ಅವಳ ಗೊಂಬೆ ಪರದೆಯ ಮೇಲೆ ಕುಣಿಯಿತು. ಅವಳು ಟ್ಯಾಬಿಗೆ ಮುತ್ತು ಕೊಟ್ಟಳು. ನಾವು ತಂದಿದ್ದ ಮಣ್ಣೆತ್ತುಗಳನ್ನೂ ತೋರಿಸಿ ನೋಡಲು ಮಕ್ಕಳಿಗೆ ಕೊಟ್ಟೆವು. ಮಗಳ ಎತ್ತು ಒಬ್ಬಳು ಪುಟ್ಟ ಹುಡುಗಿಯ ಕೈಗೆ ಬಂತು. ಅವಳು ತೋರಿಸಿದಳು, ಎತ್ತು ಎದ್ದು ನಡೆಯಿತು. ಅವಳು ಪರದೆಯನ್ನೂ ಕೈಯಲ್ಲಿದ್ದುದನ್ನೂ ಬಹಳ ಹೊತ್ತು ನೋಡಿ, "ಇದು ಅದಲ್ಲ," ಎಂದಳು.

"ಯಾಕಮ್ಮಾ?" ಎಂದರು ಸರ್.

"ಇದರದು ಒಂದ ಕೋಡ ಐತಿ. ಅದರದು ಎರಡ ಅದಾವು. ಅದು ಬ್ಯಾರೆ ಎತ್ತು."

ಸರ್ ನನ್ನ ಕಡೆ ತಿರುಗಿದರು. "ಖರೆ ಐತ್ರಿ," ಎಂದೆ. "ಅದು ಬ್ಯಾರೆನ." ಇಷ್ಟು ಹೇಳಿ ಹೊರಗೆ ಹೋಗಿ ನಳದ ನೀರು ಕುಡಿದು ಬಂದೆ.

ಆಮೇಲೆ ಸರ್ ಅದನ್ನು ತಿದ್ದಿದರು. ಮಗು ತೋರಿಸಿದ ಆಟಿಕೆಯ ಚಿತ್ರವೇ ಪರದೆಯ ಮೇಲೆ ನಡೆಯುವಂತೆ ಮಾಡಿದರು, ಮುರಿದದ್ದು ಮುರಿದ ಹಾಗೆಯೇ. ನಡಿಗೆ ಕಾಗದದ ಗೊಂಬೆಯ ಹಾಗೆ ಸೊಟ್ಟಸೊಟ್ಟ ಇರುತ್ತಿತ್ತು. ಬೇಸಿಗೆಗೆ ಆ ಆ್ಯಪನ್ನು ಆಟಿಕೆ ಮಾಡುವ ಒಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಅವರಿಗೆ ತಾವು ಮಾರುವ ಹೊಸ ಆಟಿಕೆಗಳನ್ನು ಗುರುತಿಸಿದರೆ ಸಾಕಿತ್ತು. ನಾವು ಕಲಿಸಿದ ಹಳೆಯವು, ಮಣ್ಣಿನವು ಅವರಿಗೆ ಬೇಡವಾದವು. ಈಗ ನಾನು ಅದೇ ಮೇಜಿನಲ್ಲಿ ಕುಳಿತು ಇನ್ನಾರಿಗೋ ತರಕಾರಿಯ ಫೋಟೊಗಳ ಸುತ್ತ ಗೆರೆ ಎಳೆಯುತ್ತೇನೆ.

ಮಗಳ ಚೀಲವನ್ನು ಸರ್ ನನಗೆ ವಾಪಸು ಕೊಟ್ಟರು. ಎತ್ತನ್ನು ಗಂಡ ತನ್ನ ಬಳಿ ಇಟ್ಟುಕೊಂಡ. ಉಳಿದುವನ್ನು ಶಿಶುವಿಹಾರಕ್ಕೆ ಕೊಡೋಣ ಎಂದೆ, ಅವನೂ ಹೂಂ ಎಂದ. ಒಂದು ಬೆಳಿಗ್ಗೆ ರಜೆ ಹಾಕಿ ಹೋದೆ. ಬಾಯಾರು ಇನ್ನೂ ಬಂದಿರಲಿಲ್ಲ. ಹೊಸದಾಗಿ ಸೇರಿದ್ದ ಆಯಾ ಅಂಗಳ ಗುಡಿಸುತ್ತಿದ್ದಳು. ಚೀಲ ತೆಗೆದುಕೊಂಡು ಒಳಗೆ ಇಣುಕಿ ನೋಡಿ, "ಯಾರವ್ರಿ ಇವು?" ಎಂದು ಕೇಳಿದಳು.

"ನನ್ನ ಮಗಳವು."

"ದೊಡ್ಡಾಕಿ ಆಗ್ಯಾಳೇನ್ರಿ? ಎಷ್ಟನೇ ಕ್ಲಾಸಿನ್ಯಾಗ ಓದತಾಳ?"

ನಮ್ಮನ್ನು ಬಲ್ಲವರೆಲ್ಲರಿಗೂ ವಿಷಯ ಗೊತ್ತಿತ್ತು. ಅಲ್ಲಿಯವರೆಗೆ ಆ ಮಾತನ್ನು ನನ್ನ ಬಾಯಿಂದ ಹೇಳುವ ಪ್ರಸಂಗವೇ ಬಂದಿರಲಿಲ್ಲ.

"ಇಲ್ಲರಿ, ತೀರಿಕೊಂಡಾಳ," ಎಂದೆ.

ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ, ಒಳಗಿನಿಂದ ಮಕ್ಕಳು ಕೂರುವ ಒಂದು ಗಿಡ್ಡ ಸ್ಟೂಲು ತಂದು ನೆರಳಲ್ಲಿ ಹಾಕಿದಳು.

"ಕೂಡ್ರಿ," ಎಂದಳು.

ನಾನು ಕುಳಿತೆ. ಮೊಣಕಾಲು ಎದೆಯ ಹತ್ತಿರ ಬಂದವು. ಅವಳು ಮತ್ತೆ ಗುಡಿಸತೊಡಗಿದಳು, ನನ್ನ ಕಾಲ ಬಳಿ ಬಂದಾಗ ಧೂಳು ಏಳದಂತೆ ಮೆಲ್ಲಗೆ. ಆಟೋಗಳು ಬಂದು ಮಕ್ಕಳು ಇಳಿಯತೊಡಗಿದರು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಬಾಯಾರು ಬರುವವರೆಗೂ ನಾನು ಅಲ್ಲಿಂದ ಏಳಲಿಲ್ಲ.